ಕಡ್ಡಿಯ ಎರಡು ಗೆರೆ

ಮಾರಿದವನು ಹೊಸನಗರದ ಔಷಧಿ ಅಂಗಡಿಯವನು.
ಕೀಲಿ ಕೊಡುವಾಗ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಹೇಳಿದ:
"ಒಂದು ಹನಿ ಎಣ್ಣೆ ಕುಡಿಯಲ್ಲ ಸಾರ್, ದೇವರಾಣೆ."
ಆ ಧಾಟಿ ನನಗೆ ಗೊತ್ತಿತ್ತು.
ಹನ್ನೊಂದು ವರ್ಷ ನಾನೂ ಅದನ್ನೇ ಹೇಳಿದ್ದೆ,
ಬಾಗಿಲ ಚೌಕಟ್ಟು ಹಿಡಿದು, ಗುತ್ಯಮ್ಮನಿಗೆ.
ಆದರೂ ಕೊಂಡೆ.

ತಕ್ಕಡಿ ರಿಪೇರಿ ನನ್ನ ಕಸುಬು.
ಆಯನೂರು, ಕುಂಸಿ, ಚೋರಡಿ, ಆನಂದಪುರ;
ರೇಷನ್ ಅಂಗಡಿ, ಕೋಳಿ ಅಂಗಡಿ, ಗುಜರಿ.
ಐದು ಗ್ರಾಮಿನ ಕಳ್ಳತನ ಬೆರಳಲ್ಲೇ ಹಿಡಿಯುತ್ತೇನೆ.
ಈ ವ್ಯಾಗನ್‌ಆರ್ ಮಾತ್ರ
ಆರುನೂರು ಕಿಲೋಮೀಟರಿಗೆ ಮುಕ್ಕಾಲು ಲೀಟರು
ನನ್ನ ಕಣ್ಣೆದುರೇ ತಿಂದುಹಾಕಿತು.

ರಾತ್ರಿ ಇಂಜಿನ್ನಿನಡಿ ಹಾಸಿಟ್ಟ
ಹಳೇ ಕ್ಯಾಲೆಂಡರಿನ ಬಿಳಿ ಬೆನ್ನು
ಬೆಳಿಗ್ಗೆಯೂ ಬಿಳಿ. ಒಂದು ಇರುವೆ, ಅಷ್ಟೆ.
ರೇಡಿಯೇಟರಿನ ನೀರಲ್ಲಿ ಕೆನೆಯಿಲ್ಲ.
ಸೋರಿಲ್ಲ, ಬೆರೆತಿಲ್ಲ.
ಹಾಗಾದರೆ ಕುಡಿದಿದೆ.

ಆಟೋ ಕಾಂಪ್ಲೆಕ್ಸಿನ ಜಬೀವುಲ್ಲಾ
ಬಾನೆಟ್ ತೆರೆಯಲೇ ಇಲ್ಲ. ಚಹಾ ತರಿಸಿದ.
ವಕೀಲನಂತೆ ಕೇಳತೊಡಗಿದ:
ಹೊಗೆ ಯಾವಾಗ? ಹತ್ತುವಾಗಲೋ, ಇಳಿಯುವಾಗಲೋ?
ಬೆಳಗಿನ ಮೊದಲ ಸ್ಟಾರ್ಟಿಗೋ?
ಬಣ್ಣ? ಕಪ್ಪಾದರೆ ಪೆಟ್ರೋಲು, ಬಿಳಿಯಾದರೆ ನೀರು,
ನೀಲಿಯಾದರೆ...
ಮುಂದೆ ಹೇಳದೆ ಬಸಿಯಲ್ಲಿ ಚಹಾ ಆರಿಸಿದ.

ನಾನು ನೋಡಿರಲಿಲ್ಲ.
ಓಡಿಸುವವನಿಗೆ ತನ್ನ ಹೊಗೆ ಎಲ್ಲಿ ಕಾಣುತ್ತೆ?
"ಹಿಂದೆ ಬರೋರನ್ನ ಕೇಳಿ" ಅಂದ.

ಹಿಂದೆ ಬಂದವಳು ಗುತ್ಯಮ್ಮ,
ತಮ್ಮನ ಬೈಕಿನ ಹಿಂಬದಿ ಕೂತು, ಸೆರಗು ಮೂಗಿಗೊತ್ತಿ.
ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿದು
ಅಲ್ಲೇ ತಿರುಗಿಸಿ ಮತ್ತೆ ಹತ್ತಿದೆವು.
ಪ್ರತಿ ತಿರುವಿಗೂ ನೋಟುಬುಕ್ಕಿನಲ್ಲಿ ಒಂದೊಂದು ಗುರುತು.
"ಹತ್ತುವಾಗ ಏನೂ ಇಲ್ಲ. ಇಳಿಯುವಾಗ ಕಾಲು ತೆಗೆದಿರ್ತೀಯಲ್ಲ,
ಕೆಳಗೆ ಬಂದು ಮತ್ತೆ ಒತ್ತಿದ ಕೂಡಲೇ ನೀಲಿ,
ಊದುಬತ್ತಿ ಅಂಗಡಿಗೆ ಬೆಂಕಿ ಬಿದ್ದ ಹಾಗೆ."

ಸಾಕ್ಷಿ ಹೇಳುವುದು ಅವಳಿಗೆ ಹೊಸತಲ್ಲ.
ಅಕ್ಕಿ ಡಬ್ಬದ ಹಿಂದಿನ ನನ್ನ ಬಾಟಲಿಗೆ
ಒಮ್ಮೆ ಹಣೆಯ ಸ್ಟಿಕ್ಕರನ್ನೇ ಕಿತ್ತು
ಮಟ್ಟಕ್ಕೆ ಸರಿಯಾಗಿ ಅಂಟಿಸಿದ್ದಳು.
ನಾನು ಕುಡಿದು, ಸ್ಟಿಕ್ಕರನ್ನು ಕೆಳಗೆ ಸರಿಸಿದೆ.
ತಕ್ಕಡಿಯವನಲ್ಲವೇ.
ಅವಳು ಏನೂ ಅನ್ನಲಿಲ್ಲ.
ಮರುದಿನದಿಂದ ಬೊಟ್ಟು ಇಡುವುದನ್ನೇ ಬಿಟ್ಟಳು.

ಜಬೀವುಲ್ಲಾ ನಾಲ್ಕೂ ಪ್ಲಗ್ಗು ಬಿಚ್ಚಿದ. ಮೂರನೆಯದು ಒದ್ದೆ.
ಆ ತೂತಿಗೆ ಗೇಜು ತಿರುಪಿ ಸೆಲ್ಫ್ ಹೊಡೆಸಿದ: ನೂರ ಅರವತ್ತೈದು.
ಒಂದು ಚಮಚ ಎಣ್ಣೆ ಹುಯ್ದು ಮತ್ತೊಮ್ಮೆ.
"ಮುಳ್ಳು ಜಿಗಿದರೆ ರಿಂಗು ಸವೆದಿದೆ ಅಂತ.
ಇಂಜಿನ್ ಇಳಿಸಬೇಕು, ನಿಮ್ಮ ಜೇಬೂ ಇಳಿಯುತ್ತೆ."
ಮುಳ್ಳು ಕಾಯುವುದು ನನ್ನ ಕೆಲಸ.
ಇಷ್ಟು ಹೆದರಿ ಎಂದೂ ಕಾದಿರಲಿಲ್ಲ.
ಕೂದಲೆಳೆಯಷ್ಟು ಏರಿ ನಿಂತಿತು.

"ವಾಲ್ವ್ ಸೀಲು" ಅಂದ.
ಕಡಲೆಕಾಳಿಗಿಂತ ತುಸು ದೊಡ್ಡ ರಬ್ಬರಿನ ಟೋಪಿ.
ವರ್ಷಗಟ್ಟಲೆ ಬೆಂದು ಉಗುರಿನಂತೆ ಬಿರುಸಾಗಿದೆ.
ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ನು ಒಳಗೆ ಉಸಿರೆಳೆಯುತ್ತೆ,
ಮೇಲಿನ ಎಣ್ಣೆ ಸದ್ದಿಲ್ಲದೆ ಇಳಿಯುತ್ತೆ.
"ದುಡಿಯುವಾಗ ಕುಡಿಯಲ್ಲ ಅಕ್ಕ.
ಕೈ ಖಾಲಿಯಾದಾಗ ಕುಡಿಯುತ್ತೆ."
ಗುತ್ಯಮ್ಮ ನಕ್ಕಳು. ಪಾನಾ ಹಿಡಿದ ಹುಡುಗನೂ ನಕ್ಕ.
ನಾನು ಮೂರನೇ ಪ್ಲಗ್ಗನ್ನು ಒರೆಸುತ್ತಲೇ ಇದ್ದೆ.

ಹೊಸನಗರಕ್ಕೆ ಹೋಗಿ ಜಗಳ ತೆಗೆಯಬಹುದಿತ್ತು.
ದಪ್ಪ ಎಣ್ಣೆ ಸುರಿದು ಮಾರಿದ್ದನೋ ಏನೋ,
ಅಥವಾ ಅವನ ಹಿಂದೆ ಯಾರೂ ಬೈಕಿನಲ್ಲಿ ಬಂದಿರಲಿಲ್ಲವೋ.

ಸೀಲಿಗೆ ದುಡ್ಡು ಕೂಡಿಸುತ್ತಿದ್ದೇವೆ.
ಅಲ್ಲಿಯವರೆಗೆ ಪ್ರತಿ ಸೋಮವಾರ, ಇಂಜಿನ್ ತಣ್ಣಗಿರುವಾಗ,
ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ
ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆಯುತ್ತೇನೆ.
ಓದುವುದು ಅವಳು.
ಬರೆಯುವುದೂ ಅದೇ ನೋಟುಬುಕ್ಕಿನಲ್ಲಿ.
ಅದರ ಹಿಂದಿನ ಪುಟಗಳಲ್ಲಿ ಬೇರೊಂದು ಲೆಕ್ಕವಿದೆ,
ತಾರೀಖು ಸಮೇತ. ನಾನು ತಿರುವಿ ನೋಡುವುದಿಲ್ಲ.

ಇವತ್ತು: ಮೇಲಿನ ಗೆರೆಗಿಂತ ಅರ್ಧ ಬೆರಳು ಕೆಳಗೆ.
"ಸಹಿ ಹಾಕು" ಅಂದಳು.
ಹಾಕಿದೆ.