ತೂಕದ ಜೋಲಿ

ತಾಳವಾಡಿ ಬಸ್ ಸ್ಟ್ಯಾಂಡಿನ ಎದುರು
ಷಾಹುಲನ ರಿಪೇರಿ ಅಂಗಡಿ. ಗಾಜಿನ ಮೇಲೆ ಮೂರು ರೇಡಿಯೋ.
ಒಂದು ಕೆಂಪು, ಕಿವಿ ಹಿಂಡಿದರೆ ಕರೆಂಟು ಹುಟ್ಟುವಂಥದು;
ಒಂದಕ್ಕೆ ಬೆನ್ನ ಮೇಲೆ ಬಿಸಿಲು ಕುಡಿಯುವ ಹಲಗೆ,
ಹಣೆಯಲ್ಲಿ ಟಾರ್ಚು, ಪಕ್ಕೆಯಲ್ಲಿ ಸೈರನ್ನು;
ಇನ್ನೊಂದು ಬೂದು, ಸೋಪಿನ ಡಬ್ಬಿಯಷ್ಟು,
ಎರಡು ಪೆನ್ನು ಸೆಲ್ಲು, ಎರಡು ಗಾಲಿ. ಅಷ್ಟೇ.

‘ಸೈರನ್ನಿಂದೇ ತಗೊಳ್ಳಿ ಸಿಸ್ಟರ್, ಕಾಡಿಗೆ ಹೋಗೋರು’
ಎಂದು ಒತ್ತಿ ತೋರಿಸಿದ.
ಬಸ್ಸಿನಡಿ ಮಲಗಿದ್ದ ನಾಯಿ ಎದ್ದು ಓಡಿತು.
ಜಡೆಯ ಎರಡು ಹೆಜ್ಜೆ ಹಿಂದೆ ಸರಿದ.

ನನ್ನ ಬೆನ್ನ ಮೇಲೆ ಆಗಲೇ ಏನೇನಿದೆ ಕೇಳು ಷಾಹುಲ್:
ಲಸಿಕೆಯ ಡಬ್ಬಿ, ಒಳಗೆ ನಾಲ್ಕು ಮಂಜುಗಡ್ಡೆ,
ರಿಜಿಸ್ಟರು, ಕಬ್ಬಿಣದ ಮಾತ್ರೆ, ಬಿ.ಪಿ. ನೋಡುವ ಪಟ್ಟಿ,
ರಾತ್ರಿ ಉಳಿದರೆ ಇರಲೆಂದು ಸೀರೆ, ಒಂದು ಸೇರು ಅವಲಕ್ಕಿ,
ಕೂಸು ತೂಗುವ ಕೊಕ್ಕೆ ತಕ್ಕಡಿ, ಅದರ ನೀಲಿ ಜೋಲಿ.
ಎಂಟು ಮೈಲಿ, ಎರಡು ಹಳ್ಳ, ಒಂದು ಆನೆದಾರಿ.
ಆಚೆ ದೊಡ್ಡಿಯಲ್ಲಿ ಫೋನು ಬರೀ ಗಡಿಯಾರ.

ಹೋದ ದೀಪಾವಳಿಗೆ ಮುಂಚೆ ಹಳ್ಳ ಎದ್ದಿತ್ತು.
ಇಳಿದೀತು ಇಳಿದೀತು ಎಂದು ಮೂರು ರಾತ್ರಿ ಕೂತೆವು,
ಮೇಲೆ ಇನ್ನೆಷ್ಟು ಮಳೆ ಇದೆಯೆಂದು ಹೇಳುವವರಿಲ್ಲದೆ.
ಮಂಜು ನೀರಾಯಿತು, ನೀರು ಬೆಚ್ಚಗಾಯಿತು.
ದಾಟಬೇಕಿದ್ದ ಮಕ್ಕಳು ಹನ್ನೊಂದು, ಆಚೆ ದಡದಲ್ಲಿ.
ರಿಜಿಸ್ಟರಿನ ಕೊನೆಯ ಮನೆಯಲ್ಲಿ ‘ವ್ಯರ್ಥ’ ಎಂದು ಬರೆದೆ.

ಜೋಲಿ ಬಿಚ್ಚಿ ಅಂಗಡಿಯ ತೊಲೆಗೇ ತಕ್ಕಡಿ ಸಿಕ್ಕಿಸಿದೆ.
ಕೆಂಪನ್ನು ಮಲಗಿಸಿದರೆ ಮುಳ್ಳು ಅರ್ಧ ಕೆಜಿಯಲ್ಲಿ ನಡುಗಿತು.
ಬಿಸಿಲಿನದು ಮುಕ್ಕಾಲಕ್ಕೂ ಮೇಲೆ.
ಬೂದಿಗೆ ಮುಳ್ಳು ಏಳಲೋ ಬೇಡವೋ ಎಂದಿತು.
ಕೂಸಾಗಿದ್ದರೆ ಕೆಂಪು ಗೆರೆಯ ಕೆಳಗೆ ಬರೆದು
ತಾಯಿಯನ್ನು ಬಯ್ಯಬೇಕಿತ್ತು.
‘ಅಳೋ ಮಗೂನೇ ಗಟ್ಟಿ ಸಿಸ್ಟರ್’ ಎಂದ ಷಾಹುಲ್, ಬಿಡದೆ.

ಅಲ್ಲಿಯತನಕ ಮಾತಾಡದ ಜಡೆಯ ಕೇಳಿದ:
‘ಅಕ್ಕ, ಇದು ತಟ್ನ ಬಾಯಿ ಮುಚ್ತದಾ?’
ಸೈರನ್ನಿನದು ಮುಚ್ಚಲು ಗುಂಡಿ ಒತ್ತಿ ಮೂರು ಎಣಿಸಬೇಕು,
ಆಮೇಲೂ ಒಂದು ರಾಗ ಹಾಡಿಯೇ ಮಲಗುವುದು.
ಬೂದಿಯ ಗಾಲಿಯನ್ನು ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ತಿರುಗಿಸಿದ.
ಟಿಕ್. ಮಾತು. ಟಿಕ್. ಇಲ್ಲ.
ಹತ್ತು ಸಲ ಹಾಗೇ ಮಾಡಿದ.
‘ಆನ ಮೂರು ಎಣಸಗಂಟ ಕಾಯದಿಲ್ಲ.’

ಕಿವಿಗೆ ಸಿಕ್ಕಿಸುವ ವೈರು ಕೊಂಡು
ಒಂದು ಕವಲನ್ನು ಕತ್ತರಿಸಿಬಿಡು ಎಂದೆ.
ಆ ಕಿವಿ ಕಾಡಿನ ಕೆಲಸಕ್ಕೆ ಬೇಕು.
ಮಿಕ್ಕ ಸೆಲ್ಲುಗಳನ್ನು ನೀರು ತಾಗದಂತೆ
ಸರ್ಕಾರಿ ನಿರೋಧಿನಲ್ಲಿ ಇಳಿಸಿ ಗಂಟು ಹಾಕಿದೆ;
ಹಂಚಿ ಮಿಕ್ಕದ್ದು, ಲೆಕ್ಕಕ್ಕೆ ಅದೂ ಉಪಯೋಗವೇ.
ಷಾಹುಲ್ ಚಿಲ್ಲರೆ ಎಣಿಸುವ ನೆಪದಲ್ಲಿ ತಲೆ ಎತ್ತಲಿಲ್ಲ.

ಈಗ ದೊಡ್ಡಿಯ ಜಗಲಿ, ಏಳೂಕಾಲು, ರಾಗಿಯಷ್ಟು ಹನಿ.
ಗಾಲಿಯ ಒಂದು ಕೂದಲೆಳೆ ಈಚೆ ತಮಿಳು:
ಈರೋಡು ಮಾವಟ್ಟತ್ತಿಲ್ ಓರಿರು ಇಡಂಗಳಿಲ್ ಕನಮಳೈ.
ಒಂದು ಕೂದಲೆಳೆ ಆಚೆ ಕನ್ನಡ:
ಚಾಮರಾಜನಗರ ಜಿಲ್ಲೆಯ ಕೆಲವೆಡೆ ಭಾರೀ ಮಳೆ.
ನಾವು ಓರಿರು ಇಡವೋ, ಕೆಲವೆಡೆಯೋ?
ಇಬ್ಬರೂ ನಮ್ಮ ಹಳ್ಳದ ಹೆಸರು ಹೇಳಲಿಲ್ಲ.
ಇಬ್ಬರೂ ‘ನಾಳೆ’ ಎಂದರು, ಅದು ಸಾಕು.
ಹೇಳಿದೆ: ‘ಬೆಳಗಿಗೆ ಕಾಯುವುದು ಬೇಡ,
ಮಕ್ಕಳನ್ನು ಈಗಲೇ ಎಬ್ಬಿಸಿ ತನ್ನಿ.’
ಜಡೆಯ ಕತ್ತಲಿನತ್ತ ಕೈ ಎತ್ತಿದ.
ಟಿಕ್.