ಅರೆಬೆಂದದ್ದು

ಟಿಕೆಟ್ಟಿನ ಮೇಲೆ ಎಂಜಿನ್ನಿನ ಚಿತ್ರ,
ಹಿಂದುಗಡೆ ಸೂಚನೆ: ಬಿಳಿ ಬಟ್ಟೆ ಬೇಡ.
ನಾನು ಬೇಕೆಂದೇ ಬಿಳಿಯದನ್ನು ಉಟ್ಟು ಬಂದೆ.

ಚಿಕ್ಕಬಳ್ಳಾಪುರದ ಪ್ಲಾಟ್‌ಫಾರಮ್ಮಿನಲ್ಲಿ
ಅದು ನಿಂತ ಠೀವಿ ನೋಡಬೇಕು:
ಹೊಸ ಕಪ್ಪು ಬಣ್ಣ, ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಿದ ಹೊಳಪು,
ಮೂಗಿನ ಮೇಲೆ ಚೆಂಡುಹೂವಿನ ಹಾರ,
ಷಷ್ಟಿಪೂರ್ತಿಗೆ ಅಜ್ಜನನ್ನು ಮತ್ತೆ ಮದುಮಗ ಮಾಡಿ ಕೂರಿಸಿದ ಹಾಗೆ.
ಉಸಿರು ಮಾತ್ರ ಹಳೆಯದೇ,
ಎಳೆದು, ತಡೆದು, ಉಗಿದು.

ಎದುರು ಸೀಟಿನವರು ಮೂರು ಕ್ಯಾಮೆರಾ ತಂದಿದ್ದಾರೆ.
ಎಂಜಿನ್ನು ಹುಟ್ಟಿದ ವರ್ಷ, ಗಾಲಿಯ ಅಳತೆ,
ಬಾಯ್ಲರಿನ ಒತ್ತಡ, ಎಲ್ಲ ಬಾಯಿಪಾಠ.
"ನಿಮಗೂ ರೈಲಿನ ಹುಚ್ಚಾ ಆಂಟಿ?"
ಹುಚ್ಚಲ್ಲ, ಅಂದೆ. ಒಲೆ.
ಕೇಳಿಸಲಿಲ್ಲ ಅವರಿಗೆ; ಎಂಜಿನ್ನು ಕೂಗಿಬಿಟ್ಟಿತು.

ಆಗ ಎರಡೂವರೆ ಅಡಿಯ ಹಳಿ, ಆಟಿಕೆಯಂಥ ರೈಲು.
ಚಿಂತಾಮಣಿಗೆ ಮುಂಚೆ ಒಂದು ಬಂಡೆಯನ್ನು ಬಳಸಿ
ಮೊಣಕೈಯಂತೆ ಮಡಿಚುತ್ತಿತ್ತು ದಾರಿ.
ಅಲ್ಲಿ ಮಂಕರಿ ಹಿಡಿದು ನಮ್ಮಮ್ಮ ಪಿಳ್ಳಮ್ಮ
ಸೆರಗು ಬಿಗಿದು ಕಾಯುತ್ತಿದ್ದಳು,
ಹಿಂದೆ ನಾನು, ಮೂಗು ಸುರಿಸುತ್ತ.
ರೈಲು ದಾಟಿದ ಮೇಲೆ ಬಿಸಿ ಜಲ್ಲಿಯ ಮೇಲೆ
ಅರೆಬೆಂದದ್ದನ್ನು ಆಯುವುದು.
ಹಗುರವಾದದ್ದು ಬೂದಿ, ಬಿಡು.
ಭಾರ ಇದ್ದರೆ ಒಳಗೆ ಇನ್ನೂ ಬೆಂಕಿ ಇದೆ, ಎತ್ತು.
ಬೆರಳಿಗೆ ಗೊತ್ತಾಗಬೇಕು ಕಣೇ, ಕಣ್ಣಿಗಲ್ಲ.

ಕೆಲವು ದಿನ ಒಂದು ತೋಳು ಕಾಣುತ್ತಿತ್ತು.
ಮೊಣಕೈವರೆಗೆ ಮಸಿ, ಅದರ ಮೇಲೆ ತಾಯತ. ಮುಖವಿಲ್ಲ.
ಸರಿಯಾಗಿ ಆ ತಿರುವಿನಲ್ಲೇ ಒಂದು ಸಲಿಕೆ ಇದ್ದಲು
ಕೈತಪ್ಪಿದ ಹಾಗೆ ಹೊರಗೆ ಬೀಳುತ್ತಿತ್ತು.
ಅಷ್ಟು ಕರಾರುವಾಕ್ಕಾಗಿ ಕೈತಪ್ಪುವವರನ್ನು
ನಾನು ಆಮೇಲೆ ಎಲ್ಲೂ ನೋಡಲಿಲ್ಲ.
ದಸ್ತಗೀರ್ ಸಾಬರು ಅಂತ ಹಳಿ ಕಾಯುವವನು ಹೇಳಿದ್ದ.
ಒಂದು ಸಲ ಅಮ್ಮ, ಮಾತಿಲ್ಲ ಕತೆಯಿಲ್ಲ,
ರೈಲಿನ ಜೊತೆ ಓಡಿ ಓಡಿ
ಮುತ್ತುಗದೆಲೆಯ ಪೊಟ್ಟಣವನ್ನು ಆ ಕೈಗೆ ಮುಟ್ಟಿಸಿದಳು:
ಅವರದೇ ಇದ್ದಲಿನಲ್ಲಿ ಬೆಂದ ಅವರೆಕಾಯಿ.

ಈಗ ಅಗಲ ಹಳಿ.
ಟೊಮೆಟೊ ಗೂಟಗಳು, ನೀಲಗಿರಿ ತೋಪು, ಮತ್ತೆ ಗೂಟಗಳು.
ರಾಗಿ ಕೊಯ್ದ ಹೊಲದ ಮೇಲೆ
ಹೊಗೆಯ ನೆರಳು ನಮಗಿಂತ ಮುಂದೆ ಓಡುತ್ತಿದೆ.
ಗೇಟಿನಲ್ಲಿ ನಿಂತವರೆಲ್ಲ ಫೋನು ಎತ್ತಿ ಹಿಡಿದಿದ್ದಾರೆ,
ಯಾರೂ ಕೆಳಗೆ ನೋಡುತ್ತಿಲ್ಲ.

ಬಂಡೆ ಬಂತು.
ಅರ್ಧ ಬಂತು; ಇನ್ನರ್ಧವನ್ನು ಒಡೆದು
ಹಳಿಗೇ ಹಾಸಿದ್ದಾರಂತೆ.
ನನ್ನ ಮೈ ತಾನಾಗಿ ಎಡಕ್ಕೆ ವಾಲಿತು.
ರೈಲು ವಾಲಲಿಲ್ಲ,
ನೆಟ್ಟಗೆ ಹೋಯಿತು.
ಇಡೀ ಬೋಗಿಯಲ್ಲಿ ವಾಲಿದವಳು ನಾನೊಬ್ಬಳೇ.

ಅದೇ ಹೊತ್ತಿಗೆ ಕಣ್ಣಿಗೊಂದು ಕಿಡಿ.
"ಉಜ್ಜಬೇಡಿ ಆಂಟಿ, ನೀರು ಹಾಕಿ,"
ಕ್ಯಾಮೆರಾ ಬದಿಗಿಟ್ಟು ಬಾಟಲಿ ಕೊಟ್ಟರು, ಒಳ್ಳೆಯವರು.
ತೊಳೆದೆ. ತುಂಬ ಹೊತ್ತು ತೊಳೆದೆ.

ಚಿಂತಾಮಣಿಯಲ್ಲಿ ಎಂಜಿನ್ನಿಗೆ ನೀರು, ನಮಗೆ ಕಾಫಿ.
ಮೇಜಿನ ಮೇಲೆ ಗಾಜಿನ ಡಬ್ಬಿಗಳಲ್ಲಿ ನೆನಪಿನ ಕಾಣಿಕೆ,
ಒಂದೊಂದು ಚೂರು ಇದ್ದಲು, ನೂರೈವತ್ತು ರೂಪಾಯಿ.
ಅಂಗೈಯಲ್ಲಿ ತೂಗಿ ನೋಡಿದೆ.
ಬೆಂಕಿಯನ್ನೇ ಕಂಡಿಲ್ಲ ಅದು, ಎಣ್ಣೆ ಒರೆಸಿದ್ದಾರೆ.
ಅಲ್ಲೇ ಇಟ್ಟೆ.

ಎಂಜಿನ್ನಿನ ಹತ್ತಿರ ಹೋಗಿ, ಮಂಡಿ ನೋವು ಮರೆತು ಬಗ್ಗಿದೆ.
ಇದು ಹಗುರ. ಇದೂ ಹಗುರ.
ಇದು.
ಮೇಲಿಂದ ಹುಡುಗನೊಬ್ಬ ಇಣುಕಿದ,
ಕೈಗೆ ಹೊಸ ಗವಸು, ಕಿವಿಯಲ್ಲಿ ಬಿಳಿ ಬಿರಡೆ:
"ಏನಮ್ಮಾ, ಏನು ಬಿದ್ದೋಯ್ತು?"
ನಿಮ್ಮ ಕೈತಪ್ಪಿದ್ದು ಕಣಪ್ಪ, ಅಂದೆ.

ಸೆರಗಿನ ಗಂಟಿನಲ್ಲಿ ಅದು
ಮನೆ ಸೇರುವ ತನಕ ಬೆಚ್ಚಗಿತ್ತು.
ಬಿಸಿಲಿಗೂ ಇರಬಹುದು.