ಕಿವಿಮಾತು

ಇಲ್ಲಿಯ ಬಿಸಿಲಿನಲ್ಲಿ ಬಿಸಿಯಿಲ್ಲ.
ಪುಂಟಾ ಅರೇನಾಸ್, ನೆಲ ಮುಗಿಯುವ ಊರು;
ಅಕ್ಟೋಬರಿನಲ್ಲೂ ಮೈಮೇಲೆ ಎರಡು ಸುತ್ತು ಉಣ್ಣೆ.
ಗಾಳಿ ಎದ್ದ ದಿನ ಚೌಕದ ಅಂಚಿಗೆ ಹಗ್ಗ ಕಟ್ಟುತ್ತಾರೆ
ಮುದುಕಿಯರು ಹಿಡಿದುಕೊಂಡು ನಡೆಯಲಿ ಅಂತ.
ಬಂದರಿನ ದಾರಿಯಲ್ಲೊಂದು ದೀಪದ ಕಂಬ,
ಬಸ್ಸು ಲಾರಿಗಲ್ಲ, ಸೂರ್ಯನ ಲೆಕ್ಕಕ್ಕೆ:
ಹಸಿರು, ಹಳದಿ, ಕಿತ್ತಳೆ, ಕೆಂಪು, ನೇರಳೆ.
ನೇರಳೆ ಹತ್ತಿದರೆ ನಿಲ್ಲಬೇಕಾದವರು ನಾವು, ಅವನಲ್ಲ.
ನಿಂತವರನ್ನು ನಾನು ಕಾಣೆ.

ನಾನು ಓತೀಲಿಯಾ. ಕತ್ತರಿ ಹಿಡಿದು ಮೂವತ್ತೊಂದು ವರ್ಷ.
ಈ ಊರಿನ ಮುಖಗಳಿಗಿಂತ
ಕತ್ತುಗಳು ನನಗೆ ಹೆಚ್ಚು ಪರಿಚಯ.
ತನ್ನ ಬೆನ್ನು ತನಗೆ ಕಾಣದಂತೆ;
ಅದಕ್ಕೇ ನನ್ನ ಅಂಗಡಿಯಲ್ಲಿ ಎರಡು ಕನ್ನಡಿ.

ಎರಾಸ್ಮೊ ನವೆಲ್ಕಿನ್, ಏಡಿ ಹಿಡಿಯುವ ದೋಣಿಯವನು,
ಎರಡು ತಿಂಗಳಿಗೊಮ್ಮೆ ಬಂದು ಕೂರುತ್ತಾನೆ,
ಉಪ್ಪು, ಡೀಸೆಲ್ಲು, ಹಳೆಯ ಬಲೆ, ಎಲ್ಲವೂ ಜೊತೆಗೆ ಕೂರುತ್ತವೆ.
ಎಡಗಿವಿಯ ಹಿಂದೆ ಅವನಿಗೊಂದು ಮಚ್ಚೆ.
ಅದೃಷ್ಟದ್ದು ಅಂದಿದ್ದಳಂತೆ ಅವನ ಅವ್ವ.
ಆಗಸ್ಟಿನಲ್ಲಿ ಮಸೂರದ ಕಾಳಿನಷ್ಟು, ದುಂಡಗೆ.
ಇವತ್ತು ಅಂಚು ಕದಡಿದೆ,
ಒದ್ದೆ ಕಾಗದದ ಮೇಲೆ ಶಾಯಿ ಬಿದ್ದ ಹಾಗೆ;
ಒಂದು ಮಗ್ಗುಲು ಕಂದು, ಇನ್ನೊಂದು ನೀಲಿಗಪ್ಪು,
ನಡುವೆ ಬಣ್ಣವೇ ಬಿಟ್ಟುಹೋದ ಒಂದು ಚೂರು.

ಕತ್ತರಿ ನಿಂತಿತು.
ರೇಡಿಯೋದಲ್ಲಿ ಮೀನಿನ ದರ ಹೇಳುತ್ತಿದ್ದರು.
ನಾನೇನು ಡಾಕ್ಟರೇ? ಕೂದಲು ಕತ್ತರಿಸುವವಳು.
ಸುಮ್ಮನಿದ್ದುಬಿಡಬಹುದಿತ್ತು.
ಒಮ್ಮೆ ಇದ್ದೆ.
ಶಾಲೆಯ ಮಿಲೆಂಕಾ ಮೇಡಂ, ಅವರ ಬೈತಲೆಯಲ್ಲಿ
ಕಪ್ಪಗೆ ಏನೋ ಇತ್ತು; ಯಾಕೆ ಮುಜುಗರ ಅಂತ
ಬೈತಲೆಯನ್ನೇ ಪಕ್ಕಕ್ಕೆ ಸರಿಸಿ ಬಾಚಿದೆ.
ಎಷ್ಟು ಚೆನ್ನಾಗಿ ಕೂತಿತ್ತೆಂದರೆ
ನಾಲ್ಕು ಕಾಸು ಹೆಚ್ಚೇ ಕೊಟ್ಟರು.
ಮರುವರ್ಷ ಅವರ ಪೆಟ್ಟಿಗೆಯ ಹಿಂದೆ ನಡೆದವರಲ್ಲಿ
ನಾನೂ ಇದ್ದೆ.

ಕೈಗನ್ನಡಿ ಹಿಡಿದು, ನೋಡು ಅಂದೆ.
ನಕ್ಕ. ಬಿಸಿಲೆಲ್ಲಿದೆ ಇಲ್ಲಿ, ವರ್ಷಕ್ಕೆ ನಾಲ್ಕು ದಿನ!
ನಾನೇನು ಬಿಳಿಯನೇ, ಮಣ್ಣಿನ ಬಣ್ಣದವನು.

ಸುಡುವುದಕ್ಕೆ ಕಾವೇ ಬೇಕಿಲ್ಲ, ಎರಾಸ್ಮೊ.
ಮೋಡ ಜರಡಿ, ಗೋಡೆಯಲ್ಲ.
ನೀರಿಗೆ ಬಿದ್ದದ್ದು ಗಲ್ಲದ ಕೆಳಗಿನಿಂದ ಎದ್ದು ಬರುತ್ತೆ.
ನಿನ್ನ ಟೋಪಿ ಹಣೆಯನ್ನು ಕಾಯುತ್ತೆ ಸರಿ, ಕಿವಿ ಯಾರ ಮಗು?
ನಾವು ಎಳೆಯರಿದ್ದಾಗ ಈ ಆಕಾಶ
ಸವೆದ ಕಂಬಳಿಯಂತೆ ತೆಳ್ಳಗಾಗಿತ್ತಲ್ಲ,
ಆಗ ಬೆಂದದ್ದನ್ನು ನಾವು ಮರೆತೆವು, ಚರ್ಮ ಮರೆತಿಲ್ಲ.
ಮಣ್ಣಿನ ಬಣ್ಣಕ್ಕೆ ಅಪಾಯ ಕಡಿಮೆ, ನಿಜ;
ಕಡಿಮೆ ಅಂದರೆ ಇಲ್ಲ ಅಂತಲ್ಲ,
ಯಾರೂ ಹುಡುಕುವುದಿಲ್ಲ ಅಂತ.

ಎದ್ದೇ ಬಿಟ್ಟ.
ಅರ್ಧ ತಲೆ ಕತ್ತರಿಸಿದ್ದೆ, ಅರ್ಧ ಹಾಗೇ,
ಕೊರಳಿಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚದೆ ಹೋದ.
ಗಾಳಿ ಅದನ್ನು ಬಾವುಟ ಮಾಡಿಕೊಂಡಿತು.

ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು.
ಅದೇ ಬಟ್ಟೆ, ಒಗೆದು ಮಡಿಸಿ ತಂದಿದ್ದ.
ಎಡಗಿವಿಯ ಮೇಲಂಚು ಇರಲಿಲ್ಲ,
ಇಲಿ ಕಚ್ಚಿದ ರೊಟ್ಟಿಯಂತೆ ಕಾಣುತ್ತಿತ್ತು.
ಬೇಗ ಬಂದೆ ಅಂದರಂತೆ ಆಸ್ಪತ್ರೆಯವರು.
ಟೋಪಿಗೆ ಕತ್ತು ಮುಚ್ಚುವಷ್ಟು ಹಿಟ್ಟಿನ ಚೀಲ ಹೊಲಿದು
ಗಲ್ಲಕ್ಕೆ ದಾರ ಬಿಗಿದಿದ್ದ;
ಹಿಂದೆ ಅವನ ದೋಣಿಯ ಹುಡುಗರು ಮೂವರು,
ಮೂಗಿಗೆ ಬೆಳ್ಳಗೆ ಮುಲಾಮು, ನಾಚಿಕೆಯಿಂದ ಸಾಲಾಗಿ.

ಅವರ ಕಿವಿಗಳನ್ನೆಲ್ಲ ಮಡಚಿ ನೋಡಿದೆ.
ಏನೂ ಇರಲಿಲ್ಲ, ಒಬ್ಬನ ಕಿವಿಯಲ್ಲಿ ಮರಳು ಬಿಟ್ಟರೆ.

ನಿನ್ನದನ್ನು ಯಾರು ನೋಡುತ್ತಾರೆ, ಓತೀಲಿಯಾ?

ಕೂರಿಸಿದ. ಕೂದಲೆತ್ತಿದ.
ಬೆರಳಿಗೆ ಏಡಿಯ ವಾಸನೆ.
ಕತ್ತಿನ ಹತ್ತಿರ ಎಲ್ಲೋ ಬಂದು
ಒಂದು ಗಳಿಗೆ ಮಾತು ನಿಲ್ಲಿಸಿದ.

ಆ ಕುರ್ಚಿಯಲ್ಲಿ ಕೂತವರಿಗೆ
ಅದು ಎಷ್ಟು ಉದ್ದ ಅಂತ
ಮೂವತ್ತೊಂದು ವರ್ಷ ನನಗೆ ಗೊತ್ತಿರಲಿಲ್ಲ.